ಹಳದಿ ಚುಕ್ಕಿಗೆ ತಿಳಿಯದ್ದು

ಬೆಳಗಾಗಲು ಇನ್ನು ನಲವತ್ತೇ ನಿಮಿಷ. ದೂರದರ್ಶಕದ ನಿಯಂತ್ರಣ ಕೋಣೆಯಲ್ಲಿ ಹೀಟರ್ ಉರಿಯುತ್ತಿದ್ದರೂ ಸಂಶೋಧಕಿಯ ಕೈ ತಣ್ಣಗಿತ್ತು. ಎಲ್ಲರೂ ಒಂಟಿ ಎನ್ನುತ್ತಿದ್ದ ಮಂಕು ನಕ್ಷತ್ರವೊಂದನ್ನು ಅವಳು ಬರೀ ಲೆಕ್ಕದ ಬಲದ ಮೇಲೆ ‘ಅವಳಿ’ ಎಂದು ಬರೆದು ಅಚ್ಚು ಹಾಕಿಸಿದ್ದಳು. ಇಂದು ಎರಡು ಕಾಣದಿದ್ದರೆ ಬರೆದದ್ದನ್ನು ತಾನೇ ನುಂಗಬೇಕು.

ಗುಮ್ಮಟದಿಂದ ಹೊರಟ ಲೇಸರ್ ತೊಂಬತ್ತು ಕಿಲೋಮೀಟರ್ ಮೇಲೆ ಹಳದಿ ಚುಕ್ಕಿಯೊಂದನ್ನು, ಅಂದರೆ ಸುಳ್ಳು ನಕ್ಷತ್ರವನ್ನು, ಹಚ್ಚಿಟ್ಟಿತ್ತು. ನಡುವಿನ ಗಾಳಿ ಅದರ ಬೆಳಕನ್ನು ಹೇಗೆ ಸುಕ್ಕುಗಟ್ಟಿಸುತ್ತದೆಂದು ನೋಡಿಕೊಂಡು, ತೆಳ್ಳನೆಯ ಕನ್ನಡಿಯೊಂದು ಸೆಕೆಂಡಿಗೆ ಸಾವಿರ ಸಲ ಬಳುಕಿ ಆ ಸುಕ್ಕು ಬಿಡಿಸುತ್ತಿತ್ತು. ಆದರೂ ಪರದೆಯ ಮೇಲೆ ಬಿದ್ದದ್ದು ಒದ್ದೆ ಬೆರಳಲ್ಲಿ ಒರೆಸಿದ ಶಾಯಿಯಂಥ ಒಂದೇ ಮಚ್ಚೆ.

“ಚಿಕ್ಕಮ್ಮಾ, ಒಂದೇ ಇದೆ. ನನ್ನ ಕಥೆ ಮುಗೀತು.”

ದೂರದರ್ಶಕ ನಡೆಸುತ್ತಿದ್ದವಳು ಅವಳ ಸ್ವಂತ ಚಿಕ್ಕಮ್ಮ. ಅರ್ಧ ಗಂಟೆಯ ಹಿಂದಷ್ಟೇ ಪಾಳಿಗೆ ಬಂದಿದ್ದಳು. ಕನ್ನಡಕ ಏರಿಸಿಕೊಂಡು ಕುರ್ಚಿ ಎಳೆದಳು.

“ಅಳೋದು ಆಮೇಲೆ. ಚಿತ್ರದ ಅಲ್ಲಾಟ ಹೇಳೋಕೆ ಯಾವ ನಕ್ಷತ್ರ ಕೊಟ್ಟಿದ್ದೀಯ, ತೋರ್ಸು.”

ಲೇಸರ್ ಹೋಗುವುದೂ ಬರುವುದೂ ಒಂದೇ ಗಾಳಿಯಲ್ಲಿ; ಹೋಗುವಾಗ ವಾಲಿದಷ್ಟೂ ಬರುವಾಗ ಸರಿಹೋಗುತ್ತದೆ. ಹಾಗಾಗಿ ಇಡೀ ಚಿತ್ರ ಅತ್ತಿತ್ತ ಓಲಾಡಿದರೆ ಹಳದಿ ಚುಕ್ಕಿಗೆ ಅದು ತಿಳಿಯುವುದೇ ಇಲ್ಲ. ಅದನ್ನು ಹೇಳಲು ಪಕ್ಕದಲ್ಲೊಂದು ನಿಜವಾದ ನಕ್ಷತ್ರ ಸಾಕ್ಷಿಗೆ ಬೇಕು. ಅದನ್ನು ಸಂಶೋಧಕಿ ಹಳೆಯ ಪಟ್ಟಿಯೊಂದರಿಂದ ಆರಿಸಿ ಕೊಟ್ಟಿದ್ದಳು.

ಚಿಕ್ಕಮ್ಮ ಆ ಸಾಕ್ಷಿಯನ್ನು ಪರದೆಗೆ ತಂದು ದೊಡ್ಡದು ಮಾಡಿದಳು. ಅಂಚೇ ಇಲ್ಲದ, ಹತ್ತಿಯ ಉಂಡೆಯಂಥದ್ದು.

“ಅಯ್ಯೋ ಪಂಡಿತೆ! ಇದು ನಕ್ಷತ್ರ ಅಲ್ಲ ಕಣೆ, ಗೆಲಾಕ್ಸಿ. ತಾನೇ ಎಲ್ಲಿದ್ದೀನಿ ಅಂತ ಗೊತ್ತಿಲ್ಲದೋಳು ನಿನಗೇನು ಸಾಕ್ಷಿ ಹೇಳ್ತಾಳೆ?”

“ಪಟ್ಟೀಲಿ ನಕ್ಷತ್ರ ಅಂತಾನೇ ಇತ್ತು.”

“ಪಟ್ಟಿ ಬರೆದೋರು ನಿನ್ನ ಹಾಗೇ ನಿದ್ದೆಗೆಟ್ಟಿದ್ರೋ ಏನೋ. ಸರಿ, ಕೈ ಹಿಸುಕಿಕೊಳ್ಳೋದು ಬಿಟ್ಟು ಬೇರೆ ಹುಡುಕು.”

ಹುಡುಕುವುದರಲ್ಲೇ ಹದಿನೈದು ನಿಮಿಷ ಹೋಯಿತು. ಕೊನೆಗೆ ಮೂಲೆಯಲ್ಲೊಂದು ಸಿಕ್ಕಿತು, ಮಂಕಾದರೂ ಸೂಜಿಯ ಮೊನೆಯಷ್ಟು ಚೂಪು. ಚಿಕ್ಕಮ್ಮ ಅದನ್ನು ಸಾಕ್ಷಿಗೆ ನಿಲ್ಲಿಸಿ, ಮೊದಲಿನ ನಕ್ಷತ್ರವನ್ನು ಮತ್ತೆ ಪರದೆಗೆ ತಂದಳು. ಮಚ್ಚೆ ಒಮ್ಮೆ ಬೆಚ್ಚಿ, ಮುದುಡಿ, ನಿಂತಿತು.

ಎರಡು ಚುಕ್ಕಿ. ನಡುವೆ ಕೂದಲೆಳೆಯಷ್ಟು ಕಪ್ಪು.

ಸಂಶೋಧಕಿ ಉಸಿರು ಬಿಟ್ಟ ಸದ್ದು ಹೀಟರಿನ ಸದ್ದಿಗಿಂತ ಜೋರಾಗಿತ್ತು.

“ಹೂಂ,” ಎಂದಳು ಚಿಕ್ಕಮ್ಮ, ಚಿತ್ರ ಉಳಿಸುತ್ತ. “ಈಗ ಬೇಕಾದ್ರೆ ಅಳು.”

ಅಳು ಬರಲಿಲ್ಲ. ಸಂಜೆಯಿಂದ ಏನೂ ತಿಂದಿಲ್ಲವೆಂದು ಅವಳಿಗೆ ಆಗ ನೆನಪಾಯಿತು.