ತೋರುಬೆರಳು

"ಲೇ ಮಾರಿ, ಕೊಡಲಿ ಎತ್ತೋಕೆ ಇರೋ ಕೊಬ್ಬು ನಾಳೆ ಕೋರ್ಟಲ್ಲಿ ಬಾಯಿಗೆ ಬರಬಾರ್ದು. ತಿಳೀತೇನೇ ಕತ್ತೆ ಮುಂಡೆ?"

ವಕೀಲ ಚಂದ್ರಶೇಖರಯ್ಯ ಹಿತ್ತಲ ಬಾಗಿಲಿನಲ್ಲಿ ನಿಂತು ಹಲ್ಲಿನ ಸಂದಿಯ ಅಡಿಕೆ ಚೂರನ್ನು ಉಗುರಿನಿಂದ ಕೀಳುತ್ತಿದ್ದ. ಮಾರಕ್ಕ ಕೊಡಲಿ ಕೆಳಗಿಟ್ಟು ತಲೆ ತಗ್ಗಿಸಿದಳು. ಮೊಕದ್ದಮೆ ಹೂಡಿದಂದಿನಿಂದ ಪ್ರತಿ ವಾಯಿದೆಯ ಹಿಂದಿನ ದಿನ ಮಧುಗಿರಿಗೆ ನಡೆದು ಬಂದು, ವಕೀಲನ ಮನೆಯ ಸೌದೆ ಸೀಳಿ, ಕೊಟ್ಟಿಗೆ ಬಾಚಿ ಹೋಗುವುದು ಅವಳ ಪಾಲಿನ ಫೀಜು. ನ್ಯಾಯವೇನು ಪುಕ್ಕಟೆ ಸಿಗುತ್ತದೆಯೇ?

"ನಾನೇನು ಮಾತಾಡ್ಲಿ ಸೋಮಿ. ನೀವೇ ಯೋಳ್ಕೊಡಿ."

"ಮ್ಯಾಜಿಸ್ಟ್ರೇಟ್ರು ಯಾರು ಮಾಡಿದ್ದು, ತೋರಿಸು ಅಂತಾರೆ. ನೀನು ಬೆರಳು ಎತ್ತಿದೆಯೋ, ಕೇಸು ಕೆಟ್ಟಿತು. ದೊಡ್ಡ ಮನುಷ್ಯರ ಕಡೆ ಕೈ ತೋರಿಸಿದರೆ ಮ್ಯಾಜಿಸ್ಟ್ರೇಟ್ರಿಗೆ ಕೆಂಡದಂಥ ಕೋಪ. ಕೈಮುಗಿದು ನೆಲ ನೋಡ್ತಾ ನಿಂತ್ಕೋ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮಾರಕ್ಕನಿಗೆ ಹೋದ ಜೀವ ಬಂದಂತಾಯಿತು. ಅವಳು ಹೆದರಿದ್ದೇ ಅದಕ್ಕೆ. ಊರಾಚೆಯ ಹಟ್ಟಿಯಲ್ಲಿ ಮಕ್ಕಳಿಗೆ ಹಿರಿಯರು ಮೊದಲು ಹೇಳಿಕೊಡುತ್ತಿದ್ದ ಬುದ್ಧಿ ಅದು: ಕುಂಬಳದ ಹೀಚಿಗೆ ಬೆರಳು ತೋರಿಸಬೇಡ, ಹೀಚು ಕೊಳೆಯುತ್ತದೆ, ಊರಿನವರಿಗೆ ಬೆರಳು ತೋರಿಸಬೇಡ, ಬೆರಳೇ ಕೊಳೆಯುತ್ತದೆ. ದಾರಿಹೋಕರು ಪಟೇಲರ ಮನೆ ಯಾವುದೆಂದು ಕೇಳಿದರೂ ಹಟ್ಟಿಯವರು ಗಲ್ಲ ಎತ್ತಿ ತೋರಿಸುತ್ತಿದ್ದರೇ ಹೊರತು ಕೈ ಎತ್ತುತ್ತಿರಲಿಲ್ಲ. ಹೆಸರು ಹೇಳುವುದಂತೂ ದೂರದ ಮಾತು.

ಹಿತ್ತಲ ಮೂಲೆಯಲ್ಲಿ ಶಿರಾದ ಕರೀಮ್ ಸಾಬ್ ತಿದಿ ಒತ್ತುತ್ತಾ ವಕೀಲನ ಮನೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಒಮ್ಮೆ ತಲೆಯೆತ್ತಿ ಮಾರಕ್ಕನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ವಕೀಲನನ್ನು ಕಂಡು ಮುಚ್ಚಿಕೊಂಡ.

ಮೊಕದ್ದಮೆಗೆ ಕಾರಣ ಒಂದು ನೋಟ. ಯುಗಾದಿಗೆ ಪಟೇಲ ಚನ್ನಮಲ್ಲಯ್ಯನ ಮನೆಗೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ನೀರು ತರಲು ತಡಮಾಡಿದಳೆಂದು ಪಟೇಲ ಮಾರಕ್ಕನ ಹೊಟ್ಟೆಗೆ ಒದ್ದ. ಅವಳ ಗಂಡ ಚಿಕ್ಕನರಸಯ್ಯ ಬೈಯಲಿಲ್ಲ, ಕೈ ಮಾಡಲಿಲ್ಲ. ಪಟೇಲನ ಮುಖ ನೋಡಿದ, ನೋಡುತ್ತಲೇ ನಿಂತ.

"ನನ್ನ ಮಕಾನೇ ನೋಡ್ತೀಯೇನ್ಲಾ ಸೂಳೆಮಗ್ನೆ? ಇಡ್ಕೊಳ್ರೋ ಇವುನ್ನ!"

ಆಳುಗಳು ಹಿಡಿದು ಕೆಡವಿದರು. ಗುಂಡಿಯಲ್ಲಿ ಕೊತಕೊತ ಅರಳುತ್ತಿದ್ದ ಸುಣ್ಣವನ್ನು ಪಟೇಲ ತಾನೇ ಚಿಪ್ಪಿನಲ್ಲಿ ಮೊಗೆದು ತಂದು ಅವನ ರೆಪ್ಪೆ ಬಿಡಿಸಿ ಹುಯ್ದ. ಚಿಕ್ಕನರಸಯ್ಯನ ಕೂಗಿಗೆ ಕೊಟ್ಟಿಗೆಯ ಎತ್ತುಗಳು ಹಗ್ಗ ಕಿತ್ತುಕೊಂಡವು. ಊರಿನವರು ಮುಖ ತಿರುಗಿಸಿಕೊಂಡರು. ತಾನೇ ಕಾಲುಜಾರಿ ಗುಂಡಿಗೆ ಬಿದ್ದನೆಂದು ಪೊಲೀಸರು ಬರೆದುಕೊಂಡು ಪಟೇಲನ ಮನೆಯಲ್ಲಿ ಒಬ್ಬಟ್ಟು ಉಂಡು ಹೋದರು. ಕಣ್ಣು ಹೋದ ಗಂಡ ಗುರುತು ತೋರಿಸುವಂತಿರಲಿಲ್ಲ; ನೋಡಿದೆನೆಂದು ಹೇಳಲು ಉಳಿದವಳು ಮಾರಕ್ಕ ಒಬ್ಬಳೇ, ಅವಳೇ ವಕೀಲನನ್ನು ಹಿಡಿದು ಮೊಕದ್ದಮೆ ಹೂಡಿದ್ದಳು.

ಮರುದಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಕೇಳಿದರು: "ನಿನ್ನ ಗಂಡನ ಕಣ್ಣಿಗೆ ಸುಣ್ಣ ಹಾಕಿದವನು ಇಲ್ಲಿದ್ದಾನೇನಮ್ಮ?"

"ಅವ್ರೆ ಸೋಮಿ."

"ಯಾರು? ತೋರಿಸು."

ಮಾರಕ್ಕ ಕೈಮುಗಿದು ನೆಲ ನೋಡಿದಳು.

"ಹೆಸರಾದರೂ ಹೇಳು."

"ನಮ್ ದೊಡ್ಡೋರು ಸೋಮಿ."

"ಯಾವ ದೊಡ್ಡವರು? ಬೆರಳು ಮಾಡಿ ತೋರಿಸಮ್ಮ, ಹೆದರಬೇಡ."

ಮ್ಯಾಜಿಸ್ಟ್ರೇಟರ ದನಿಯಲ್ಲಿ ಕೋಪವಿರಲಿಲ್ಲ. ಮಾರಕ್ಕ ದಿಕ್ಕು ತೋಚದೆ ತನ್ನ ವಕೀಲನ ಕಡೆ ನೋಡಿದಳು. ಚಂದ್ರಶೇಖರಯ್ಯ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅವಳು ಮುಗಿದ ಕೈಯನ್ನು ಇನ್ನೂ ಬಿಗಿಯಾಗಿ ಮುಗಿದಳು.

"ದೊಡ್ಡವರು ಅಂದರೆ ತಾವೂ ಆಗಬಹುದು ಸ್ವಾಮಿ," ಎಂದ ಪಟೇಲನ ಕಡೆಯ ವಕೀಲ. ಕೋರ್ಟು ನಕ್ಕಿತು. ಕೇಸು ವಜಾ ಆಯಿತು.

ಹೊರಗೆ ಬೇವಿನ ಮರದ ಕೆಳಗೆ ಚಿಕ್ಕನರಸಯ್ಯ ಕೋಲು ಹಿಡಿದು ಕೂತಿದ್ದ. ಪಟೇಲ ಹೋಗುತ್ತಾ ಹೋಗುತ್ತಾ ಬಾಯಿತುಂಬಾ ಇದ್ದ ಎಲೆಅಡಿಕೆಯನ್ನು ಅವನ ಮುಖಕ್ಕೆ ಉಗಿದ.

"ಯಾರೇ ಅದು? ಯಾರೇ ಉಗ್ದೋರು?" ಎಂದು ಚಿಕ್ಕನರಸಯ್ಯ ಕತ್ತು ಹೊರಳಿಸಿದ. ಮಾರಕ್ಕ ಸೆರಗಿನಿಂದ ಒರೆಸಿದಳು.

ಊರ ದಾರಿಯಲ್ಲಿ ಕರೀಮ್ ಸಾಬ್ ತಿದಿ ಹೊತ್ತುಕೊಂಡು ಹಿಂದಿನಿಂದ ಓಡಿಬಂದ.

"ಮಾರಕ್ಕಾ, ನಿಂದ್ರವ್ವಾ. ಖುದಾ ಕಸಮ್, ನನ್ಗೆ ಅನ್ನ ಇಳೀತಿಲ್ಲ. ನೀನು ಸೌದೆ ಸೀಳಾಕೆ ಬರೋಕ್ ಮುಂಚೆ ಪಟೇಲ ಅದೇ ಹಿತ್ಲಾಗೆ ಕುಂತಿದ್ದ. ಅವ್ಳು ಬೆರಳು ಎತ್ಬಾರ್ದು, ಅಷ್ಟ್ ಮಾಡ್ರಿ ಅಂದ. ಆ ಜನಕ್ಕೆ ಅದು ಹುಟ್ಟಿಂದ್ಲೇ ಬಂದೈತೆ, ನಾನು ಒಸಿ ಊದಿದ್ರೆ ಸಾಕು ಅಂದ ನಿನ್ ವಕೀಲ. ಇಬ್ರೂ ನಕ್ರು. ಕಲಾಯಿ ಸಾಬನ್ಗೂ ಕಿವಿ ಇರ್ತೈತೆ ಅಂತ ಯಾರ್ಗೂ ಖಯಾಲೇ ಇಲ್ಲ."

ಮಾರಕ್ಕನಿಗೆ ಪಟೇಲನ ಮೇಲೆ ಬಾರದಿದ್ದಷ್ಟು ಸಿಟ್ಟು ವಕೀಲನ ಮೇಲೆ ಬಂತು. ಪಟೇಲ ಹಾವು, ಕಚ್ಚಿದ. ಇವನು ಮದ್ದು ಕೊಡುತ್ತೇನೆಂದು ಬಾಯಿ ತೆರೆಸಿ ವಿಷ ಹುಯ್ದವನು. ಅವನ ಒಲೆಗೆ ತಾನೇ ಸೌದೆ ಸೀಳಿಕೊಟ್ಟಿದ್ದಳು.

"ಬಾಡ್ಕೋವ್! ಅವ್ನ ಮನೆ ಆಳಾಗ! ಅವ್ನ್ನ ಕೇಳೋರೇ ಇಲ್ವಾ?"

"ಕೇಳೋರು ಅವ್ರಂತೆ. ವಕೀಲ್ರ ಕೋಟು ಬಿಚ್ಚಿಸಾಕೂ ಹೊಸಾ ಕಾಯ್ದೆ ಬಂದೈತಂತೆ. ಬೆಂಗಳೂರ್ಗೆ ಅರ್ಜಿ ಹಾಕಾನ. ನಾನು ಸಾಕ್ಷಿ ಹೇಳ್ತೀನಿ."

ಅರ್ಜಿ ಬೆಂಗಳೂರಿನ ವಕೀಲರ ಪರಿಷತ್ತಿಗೆ ಹೋಯಿತು. ಅಲ್ಲಿಂದ ವಕೀಲನಿಗೆ ನೋಟೀಸು ಬಂತು. ವಕೀಲನಿಂದ ಪಟೇಲನಿಗೆ ಸುದ್ದಿ ಹೋಯಿತು. ಒಂದು ಮಟಮಟ ಮಧ್ಯಾಹ್ನ ಪಟೇಲ ಆಳುಗಳೊಂದಿಗೆ ಹಟ್ಟಿಗೆ ಬಂದ.

ಮಾರಕ್ಕನನ್ನು ಜುಟ್ಟು ಹಿಡಿದು ಎಳೆದು ತಂದು, ಅವಳ ಬಲಗೈಯನ್ನು ಒರಳುಕಲ್ಲಿನ ಮೇಲೆ ಒತ್ತಿ ಹಿಡಿದರು.

"ಯಾವ ಬೆರಳೇ ತೋರ್ಸಾದು? ಇದೇನೇ?" ಎಂದ ಪಟೇಲ.

ಗುಂಡುಕಲ್ಲು ಮೇಲೆದ್ದಿತು. ತೋರುಬೆರಳಿನ ಮೂಳೆ ಕಡಲೆಕಾಯಿ ಸಿಪ್ಪೆಯಂತೆ ಲಟಕ್ಕೆಂದಿತು. ಮತ್ತೆ ಎತ್ತಿದರು, ಮತ್ತೆ ಹಾಕಿದರು. ಗುಡಿಸಲೊಳಗಿಂದ ಚಿಕ್ಕನರಸಯ್ಯ ತಡವರಿಸುತ್ತಾ ಬಂದು ಗೋಡೆಗೆ ಹಾಯ್ದು ಬಿದ್ದ. "ಯಾರೇ? ಯಾರೇ ಒಡೀತಿರಾದು? ಯೋಳೇ!" ಎಂದು ಮಣ್ಣಿನಲ್ಲಿ ಹೊರಳಾಡಿದ. ಹಟ್ಟಿಯ ಬಾಗಿಲುಗಳೆಲ್ಲ ಮುಚ್ಚಿದ್ದವು.

ಸಿದ್ದರಬೆಟ್ಟದ ಸೊಪ್ಪು ತಂದು ಕಟ್ಟಿದರೂ ಬೆರಳು ಕಪ್ಪಾಯಿತು, ಕೀವು ಕಟ್ಟಿತು, ನಾರತೊಡಗಿತು.

"ಯೋಳಿರ್ಲಿಲ್ವೇನೇ?" ಎಂದಳು ಹಟ್ಟಿಯ ಮುದುಕಿ ಪೆದ್ದಮ್ಮ. "ಊರೋರ್ಗೆ ಬೆರಳು ತೋರ್ಸಾಕೊಂಟ್ರೆ ಕೊಳೀದೆ ಇದ್ದಾತಾ?"

ಮಾರಕ್ಕನಿಗೆ ಆ ನೋವಿನಲ್ಲೂ ನಗು ಬಂತು. ತೋರಿಸದೆಯೇ ಕೊಳೆತಿತ್ತಲ್ಲ! ಇಷ್ಟು ದಿನ ಯಾವುದಕ್ಕೆ ಹೆದರಿ ಸತ್ತೆವು ಎಂದು ಅವಳಿಗೆ ತಲೆಮಾರುಗಳ ಮೇಲೆಯೇ ರೋಷ ಬಂತು.

ವಕೀಲನ ಮೇಲಿನ ವಿಚಾರಣೆ ಮಧುಗಿರಿಯ ಮುಸಾಫಿರ್ ಬಂಗಲೆಯಲ್ಲಿ ನಡೆಯಿತು. ಬೆಂಗಳೂರಿನಿಂದ ಬಂದ ಹಿರಿಯ ವಕೀಲರು ಮೇಜಿನ ಹಿಂದೆ ಸಾಲಾಗಿ ಕೂತಿದ್ದರು. ಕರೀಮ್ ಸಾಬ್ ಕೇಳಿದ್ದನ್ನು ಕೇಳಿದಂತೆ ಹೇಳಿದ. "ನಮ್ಮ ಮನೆಯ ಚೊಂಬು ಕದ್ದವನು ಸ್ವಾಮಿ," ಎಂದು ಚಂದ್ರಶೇಖರಯ್ಯ ಒಂದೇ ಮಾತಿನಲ್ಲಿ ಅವನನ್ನು ಮುಗಿಸಿದ.

ನಡುವೆ ಕೂತಿದ್ದ ಅಧ್ಯಕ್ಷರು ಮಾರಕ್ಕನ ಕಡೆ ತಿರುಗಿದರು. "ಕೋರ್ಟಿನಲ್ಲಿ ಬೆರಳು ಎತ್ತಬೇಡ ಅಂತ ನಿನಗೆ ಹೇಳಿಕೊಟ್ಟವರು ಯಾರು?"

"ಕೈಮುಗಿದು ಮಾತಾಡು ಮಾರಕ್ಕಾ," ಎಂದ ಚಂದ್ರಶೇಖರಯ್ಯ ಮೆಲ್ಲಗೆ. "ದೊಡ್ಡವರ ಮುಂದೆ ನಿಂತಿದ್ದೀಯ."

ಮಾರಿ ಇವತ್ತು ಮಾರಕ್ಕ ಆಗಿದ್ದಳು. ಅವಳು ಕೈಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನಾತ ಎದ್ದಿತು. ಹಿರಿಯರು ಕರವಸ್ತ್ರ ಹುಡುಕಿದರು. ಕಪ್ಪಗೆ ಸೊಟ್ಟಗಾಗಿದ್ದ ಬೆರಳು ಮೇಲೆದ್ದು ಅವನ ಎದೆಗೆ ನೇರವಾಗಿ ನಿಂತಿತು.

"ಇವ್ನು. ಚಂದ್ರಶೇಖರಯ್ಯ."

ಅವನು ಹಿಂದೆ ಸರಿದ. ಅವಳು ಮುಂದೆ ಹೋದಳು. ಗೋಡೆಗೆ ಒತ್ತಿಕೊಂಡವನ ಕೊರಳಿನ ಬಿಳಿ ಪಟ್ಟಿಗೆ ಬೆರಳು ತಾಗಿ, ಕೀವು ರಕ್ತ ಅಂಟಿತು.

"ಮುಟ್ತೀಯೇನೇ ಬೋಸುಡಿ!" ಎಂದು ಚಂದ್ರಶೇಖರಯ್ಯ ಅವಳ ಕೆನ್ನೆಗೆ ಬಾರಿಸಿದ. ಅವಳ ತುಟಿ ಒಡೆಯಿತು. ಹಿರಿಯರು ಕುರ್ಚಿಯಿಂದ ಎದ್ದು ನಿಂತರು.

"ಸಾಕು, ಕೈ ಇಳಿಸಮ್ಮ," ಎಂದರು ಅಧ್ಯಕ್ಷರು.

"ಇಳ್ಸಾಕಿಲ್ಲ ಸೋಮಿ. ಕೊಳ್ತೋದ್ದು ಇನ್ನೇನು ಕೊಳೀತದೆ? ನೀವು ಬರ್ಕಳಿ."

ಎತ್ತಿದ ಕೈ ಎತ್ತಿದಂತೆಯೇ ಅವಳು ಜಗಲಿಗೆ ಬಂದಳು. ಅಲ್ಲಿ ಕಂಬಕ್ಕೊರಗಿ ಚಿಕ್ಕನರಸಯ್ಯ ನಿಂತಿದ್ದ. ಎದುರಿಗೆ ಪಟೇಲನ ಕಮಾನುಗಾಡಿ.

"ತೋರ್ಸಿದ್ಯೇನೇ?"

"ತೋರ್ಸ್ದೆ. ನೀನೂ ತೋರ್ಸು."

ಗಂಡನ ಬಲಗೈ ಹಿಡಿದು, ಬೆರಳು ಬಿಡಿಸಿ, ಗಾಡಿಯ ಕಡೆಗೆ ಗುರಿಮಾಡಿದಳು. "ಅಲ್ಲವ್ನೆ ನೋಡು, ಚನ್ನಮಲ್ಲಯ್ಯ. ನಿನ್ನ ಕಣ್ಣು ಬೇಯ್ಸಿದೋನು."

ಪಟೇಲ ಬಾರುಕೋಲು ಎಳೆದುಕೊಂಡು ಗಾಡಿಯಿಂದ ಧುಮುಕಿದ. ಮೆಟ್ಟಿಲಿನ ಮೇಲೆ ಅವನ ಎಕ್ಕಡ ಚರಚರ ಎನ್ನತೊಡಗಿತು. ಮಾರಕ್ಕ ಗಂಡನ ಕೈ ಬಿಟ್ಟಳು. ಆ ಸಪ್ಪಳ ಹತ್ತಿರವಾದಂತೆಲ್ಲ ಕುರುಡನ ಬೆರಳು ತಾನಾಗಿ ಅತ್ತ ತಿರುಗುತ್ತಾ ಹೋಯಿತು.