ಊರು ಬಂದಾಗ ನಿಲ್ಲಬೇಕು

"ಹಗ್ಗ ಎತ್ತಬ್ಯಾಡ್ರಿ, ಅಲ್ಲೇ ನಿಲ್ರಿ!" ಎಂದು ಪೊಲೀಸಿನವನು ಕೂಗಿದಾಗ ಬಡೇಸಾಬರ ಶವ ಹೊತ್ತ ಜನಾಜದ ಮುಂದಿನ ಕೊನೆ ಕೆಂಚಣ್ಣನ ಹೆಗಲ ಮೇಲಿತ್ತು. ಹರಿಹರದ ದೊಡ್ಡ ರಸ್ತೆಯ ಎರಡೂ ಬದಿಗೆ ಹಗ್ಗ ಬಿಗಿದಿದ್ದರು. ಖಬರಸ್ತಾನ ಇದ್ದದ್ದು ಆಚೆ ಬದಿಗೆ.

"ಸೈಕಲ್ ರೇಸು ಬರ್ತೈತ್ರಿ ಯಜಮಾನ್ರೇ. ಐದು ದಿನದ್ದು, ಇವತ್ತೇ ಕಡೇದು. ಹುಬ್ಬಳ್ಳಿಯಿಂದ ಹೊಂಟು ದಾವಣಗೆರೆ ಮುಟ್ತಾರೆ. ಹೆಣ ಐತೆ ಅಂತ ಬಿಡ್ತೀನಿ, ದಾಟೋದಾದ್ರೆ ಈಗ್ಲೇ ದಾಟ್ರಿ, ಇಲ್ಲಾಂದ್ರೆ ಅವ್ರು ಹೋಗೋತನಕ ಕಾಯಿರಿ."

"ದಾಟಾಣ ನಡೀರಿ," ಎಂದರು ಸತ್ತವರ ಅಣ್ಣ ಹುಸೇನ್ ಸಾಬ್. "ಮಣ್ಣು ತಡ ಮಾಡಬಾರ್ದು."

"ಒಂಚೂರು ತಡೀರಿ ಹುಸೇನಣ್ಣ," ಎಂದ ಕೆಂಚಣ್ಣ. "ನೌಮಾನ್ ಇದ್ರಾಗೇ ಬರ್ತಾನೆ."

"ಬರ್ತಾನೆ, ಹೋಗ್ತಾನೆ! ರೇಸಿನಾಗೆ ಯಾರು ನಿಲ್ತಾರೆ ಕೆಂಚಣ್ಣ? ಅವರಪ್ಪ ನಿಂತಿದ್ನಾ?"

ಕೆಂಚಣ್ಣ ಜನಾಜ ಹೊತ್ತಲ್ಲಿಂದ ಕದಲಲಿಲ್ಲ. ಬೆಳಗಿನ ಜಾವ ಬಡೇಸಾಬರ ಉಸಿರು ನಿಂತಾಗ ಅವರ ಹೆಂಡತಿ ಮುಮ್ತಾಜ್ ಮಗ ನೌಮಾನನಿಗೆ ಫೋನು ಮಾಡಿದ್ದಳು. 'ಅರ್ಧಕ್ಕೆ ಬಿಟ್ಟು ಬರಬ್ಯಾಡ ಅಂತ ನಿಮ್ಮಬ್ಬಾನೇ ಹೇಳಿಹೋದ್ರು' ಎಂದದ್ದಕ್ಕೆ ಹುಡುಗ 'ಸೈಕಲ್ ಮೇಲೇ ಬರ್ತೀನಿ ಅಮ್ಮಿ' ಎಂದಷ್ಟೇ ಹೇಳಿ ಇಟ್ಟಿದ್ದ. ಬರುತ್ತಾನೆ, ಸರಿ. ನಿಲ್ಲುತ್ತಾನೋ?

*

ಬಡೇಸಾಬರೂ ಹರೆಯದಲ್ಲಿ ಇಂಥದೇ ರೇಸಿಗೆ ಹೋದವರು. ದಿನಕ್ಕೊಂದು ಊರು ಮುಟ್ಟಬೇಕು. ಅವರು ದಿನಾ ಮುಟ್ಟುತ್ತಿದ್ದರು, ಎಲ್ಲರಿಗಿಂತ ಹಿಂದೆ. ಆದರೆ ಹರಿಹರ ಕಂಡಾಗ ಗುಂಪಿನವರೆಲ್ಲ ಪೆಡಲು ತುಳಿಯುವುದು ಬಿಟ್ಟು, 'ಹೋಗು, ಹೋಗು' ಎಂದು ಕೈಬೀಸಿದರು. ಬಡೇಸಾಬರಿಗೆ ಆನೆಬಲ ಬಂತು. ಇವರಿಗೆಲ್ಲ ಸುಸ್ತಾಗಿದೆ, ಗೆದ್ದೆ ಎಂದುಕೊಂಡು ತಲೆ ತಗ್ಗಿಸಿ ತುಳಿದರು. ರಸ್ತೆಬದಿಗೆ ಶರಬತ್ತಿನ ಲೋಟ ಹಿಡಿದು ನಿಂತ ತಾಯಿ ಕೂಗಿದ್ದೂ ಕಿವಿಗೆ ಬೀಳಲಿಲ್ಲ. ಊರು ದಾಟಿದ ಮೇಲೆ ಗುಂಪು ಬಂದು ಅವರನ್ನು ಹಿಂದಿಕ್ಕಿ ಹೋಯಿತು.

ಊರಿನ ಹುಡುಗನನ್ನು ಮುಂದೆ ಬಿಡುವುದು ರೇಸಿನವರ ರೂಢಿ. ಮನೆಯವರ ಬಳಿ ಒಂದು ಗಳಿಗೆ ನಿಂತು ಬರಲಿ ಎಂದು. ಅದು ಬಡೇಸಾಬರಿಗೆ ತಿಳಿದದ್ದು ದಾವಣಗೆರೆಯಲ್ಲಿ, ಎಲ್ಲರೂ ನಕ್ಕಾಗ.

"ದಾರಿ ಬಿಟ್ರು, ನಾನು ಗೆದ್ದೆ ಅನ್ಕಂಡೆ!" ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಾ, ಪಕ್ಕದ ಹಿಟ್ಟಿನ ಗಿರಣಿಯ ಕೆಂಚಣ್ಣನಿಗೆ ಎಷ್ಟು ಸಲ ಹೇಳಿ ನಕ್ಕಿದ್ದರೋ. ನಗು ಮುಗಿದ ಮೇಲೆ ದನಿ ಇಳಿಯುತ್ತಿತ್ತು. "ಅಮ್ಮ ಆ ಶರಬತ್ತು ಯಾರಿಗೂ ಕೊಡ್ಲಿಲ್ಲ ಕೆಂಚಣ್ಣ. ಸಂಜೀತನ ಮುಂದಿಟ್ಕಂಡು ಕುಂತಿದ್ಲು."

*

ತುಂಗಭದ್ರೆಯ ಸೇತುವೆ ಕಡೆಯಿಂದ ಸೀಟಿ ಕೇಳಿಸಿತು. ಮುಂದೆ ಒಬ್ಬನೇ ಬರುತ್ತಿದ್ದ. ಗುಂಪು ಬಹಳ ಹಿಂದೆ, ನಿಧಾನವಾಗಿ. ಹುಡುಗ ತಲೆ ತಗ್ಗಿಸಿದ್ದ, ಥೇಟ್ ಅಪ್ಪನ ಹಾಗೆ. 'ಹರಿಹರೇಶ್ವರಾ, ನಿಲ್ಲಿಸಪ್ಪಾ' ಎಂದು ಕೆಂಚಣ್ಣ ಕಣ್ಣು ಮುಚ್ಚಿದ.

ಬ್ರೇಕು ಕಿರ್ರೆಂದಿತು.

ನೌಮಾನ್ ಹೆಲ್ಮೆಟ್ ಕಳಚಿ ಕರವಸ್ತ್ರ ತಲೆಗೆ ಕಟ್ಟಿಕೊಂಡ. "ಕಾಕಾ, ಸೈಕಲ್ ಹಿಡ್ಕಳ್ರಿ. ನಿಮ್ ಜಾಗ ನನಗೆ ಕೊಡ್ರಿ."

ಪೊಲೀಸಿನವನು ತಾನೇ ಹಗ್ಗ ಎತ್ತಿ ಹಿಡಿದ. ಜನಾಜ ರಸ್ತೆಗಿಳಿಯಿತು. ರೇಸಿನ ಬೂಟಿನ ಗಟ್ಟಿ ತಳ ಟಾರಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು. ಅಷ್ಟರಲ್ಲಿ ಬಂದ ಗುಂಪು ಒಂದೊಂದು ಕಾಲೂರಿ ಸುಮ್ಮನೆ ನಿಂತಿತು. ಇತ್ತ ಕೆಂಚಣ್ಣ, ಸೈಕಲ್ಲಿನ ಚೈನು ಕಳಚಿದ್ದು ಕಂಡು, ಬಗ್ಗಿ ಬೆರಳಿನಿಂದಲೇ ಹಲ್ಲಿಗೆ ಕೂರಿಸಿದ.

ಆಚೆ ಬದಿಗೆ ಜನಾಜ ಇಳಿಸಿ ಹುಸೇನ್ ಸಾಬ್ ಮುಖದ ಮೇಲಿನ ಬಟ್ಟೆ ಸರಿಸಿದರು. ನೌಮಾನ್ ಬಗ್ಗಿ ತಂದೆಯ ಕಿವಿಯ ಹತ್ತಿರ ಏನೋ ಹೇಳಿದ. ಎದ್ದಾಗ ಕಣ್ಣು ಒದ್ದೆಯಾಗಿತ್ತು, ಮುಖ ಹಗುರಾಗಿತ್ತು.

"ಹೋಗ್ಲೇನ್ರಿ ದೊಡ್ಡಪ್ಪಾ?"

"ನಿಂತ್ಯಲ್ಲಪ್ಪಾ, ಅಲ್ಹಮ್ದುಲಿಲ್ಲಾ," ಎಂದು ಹುಸೇನ್ ಸಾಬ್ ಅವನ ಬೆನ್ನು ತಟ್ಟಿದರು. "ನಿನ್ ಪಾಲಿನ ಹಿಡಿಮಣ್ಣು ಸಂಜಿಗೆ ಬಂದು ಹಾಕು. ಹೋಗು, ಪಾಪ, ಅವ್ರನ್ನ ಎಷ್ಟೊತ್ತು ಬಿಸಿಲಾಗೆ ನಿಲ್ಲಿಸ್ತಿ?"

"ಅಮ್ಮಿಗೆ ಹೇಳ್ರಿ, ನಿಂತಿದ್ದೆ ಅಂತ."

ಕೆಂಚಣ್ಣ ಸೀಟು ಹಿಡಿದು, ಮಂಡಿನೋವು ಮರೆತು ಓಡುತ್ತಾ ನೂಕಿದ. ಗುಂಪು ಹುಡುಗನನ್ನು ತನ್ನೊಳಗೆ ಸೇರಿಸಿಕೊಂಡು ದಾವಣಗೆರೆ ಕಡೆ ಹೊರಟಿತು.

ಖಬರಸ್ತಾನದಲ್ಲಿ ಎಲ್ಲರೂ ಹಿಡಿಮಣ್ಣಿಗೆ ಬಗ್ಗಿದರು. ಕೆಂಚಣ್ಣನ ಅಂಗೈ ತುಂಬಾ ಚೈನಿನ ಕಪ್ಪು ಗ್ರೀಸು.

"ಅಲ್ಲಿ ನೀರೈತೆ, ಕೈ ತೊಳ್ಕಂಬರ್ರಿ," ಎಂದರು ಹುಸೇನ್ ಸಾಬ್.

"ಇರ್ಲಿ ಬಿಡ್ರಿ. ಗ್ರೀಸಿನ ಕೈ, ಬಡೇಸಾಬ್ರಿಗೆ ಗುರುತು ಸಿಗ್ತೈತೆ."

ಮಣ್ಣು ಹಾಕಿದ. ಒಂದಿಷ್ಟು ಗೋರಿಗೆ ಬಿತ್ತು, ಒಂದಿಷ್ಟು ಗ್ರೀಸಿಗೆ ಅಂಟಿ ಅಂಗೈಯಲ್ಲೇ ಉಳಿಯಿತು.