ಕಡ್ಡಿಯ ಬುಡ

ಒದ್ದೆ ಗೋಣಿಚೀಲ ಬಿಚ್ಚಿದವರೇ ಮುದುಕ ಬಸ್ ಡ್ರೈವರು ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಒಳಗೆ ನಡುಮನೆಯಲ್ಲಿ ಹೆಂಡತಿಯನ್ನು ಮಲಗಿಸಿದ್ದರು. ಬೀದಿಯಲ್ಲಿ ಶವದ ವ್ಯಾನು ಬಂದು ನಿಂತಿತ್ತು.

ಚೀಲದಲ್ಲಿದ್ದವು ಗುಲಾಬಿಯ ಕಡ್ಡಿಗಳು. ಮೊನ್ನೆ ಸಂಜೆ ಅವಳೇ ಕತ್ತರಿಸಿ, ನಾಳೆ ನೆಡುತ್ತೇನೆಂದು ಸುತ್ತಿಟ್ಟಿದ್ದಳು. ನೆಡುವ ಮೊದಲೇ ಹೋಗಿಬಿಟ್ಟಳು. ತಾಯಿಗಿಡ ಕೊಳೆತು ಸತ್ತಿತ್ತು. ಅವಳು ಅಷ್ಟು ಹಚ್ಚಿಕೊಂಡಿದ್ದ ಆ ಗುಲಾಬಿ ಉಳಿಯುವುದಿದ್ದರೆ ಈ ಕಡ್ಡಿಗಳಲ್ಲಿ ಮಾತ್ರ. ಅವೂ ಆಗಲೇ ಬಾಡತೊಡಗಿದ್ದವು, ಸಂಜೆಯವರೆಗೆ ತಾಳುವಂತಿರಲಿಲ್ಲ.

"ಅಪ್ಪ, ಎಲ್ರೂ ಕಾಯ್ತಿದ್ದಾರೆ," ಎಂದು ಮಗಳು ಬಂದಳು.

"ನೋಡಮ್ಮ ಇಲ್ಲಿ. ಎರಡು ಕಡೇನೂ ನೇರ ಕತ್ತರಿಸಿದ್ದಾಳೆ."

"ಅದಕ್ಕೇನೀಗ?"

"ಬುಡ ಯಾವ್ದು, ತುದಿ ಯಾವ್ದು ಅಂತ ಹೇಗೆ ಗೊತ್ತಾಗ್ಬೇಕು?"

* * *

ಮದುವೆಯಾದ ಹೊಸದರಲ್ಲಿ, ಒಂದು ರಜೆಯ ದಿನ, ಅವಳು ಕೆಲಸ ಮಾಡುತ್ತಿದ್ದ ನರ್ಸರಿಗೆ ನೆರವಾಗಲು ಹೋಗಿ ಅವರು ಒಂದು ಸಾಲು ಕಡ್ಡಿಗಳನ್ನು ತಲೆಕೆಳಗಾಗಿ ನೆಟ್ಟಿದ್ದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಅಷ್ಟು ದೊಡ್ಡ ಬಸ್ಸು ಓಡಿಸ್ತೀರಿ, ಹಿಂದುಮುಂದು ಗೊತ್ತಾಗಲ್ವಾ? ಚಿಗುರಲ್ಲಿ ಒಂದು ಹಾರ್ಮೋನು ಹುಟ್ಟುತ್ತೆ. ಅದು ಬುಡದ ಕಡೆಗೇ ಇಳಿಯೋದು. ಅಲ್ಲಿ ಸೇರ್ಕೊಂಡ್ರೇ ಬೇರು ಒಡೆಯೋದು. ನೀವು ತಿರುಗಿಸಿ ನೆಟ್ರಿ ಅಂತ ಅದು ದಾರಿ ಬದಲಾಯಿಸುತ್ತಾ?"

"ನನ್ನ ಬಸ್ಸಿನ ಹಾಗೆ. ಒಂದೇ ರೂಟು."

"ಹ್ಞೂಂ. ಅದಕ್ಕೇ ಬುಡಕ್ಕೆ ಓರೆ, ತುದಿಗೆ ನೇರ ಕತ್ತರಿಸೋದು. ಅದೂ ತಿಳೀದಿದ್ರೆ ಬೆರಳಾಡಿಸಿ ನೋಡಿ. ಎಲೆ ಉದುರಿದ ಗುರುತಿನ ಮೇಲ್ಗಡೆ ಚಿಗುರಿನ ಕಣ್ಣಿರುತ್ತೆ."

ಆಮೇಲೆ ಲೆಕ್ಕವಿಲ್ಲದಷ್ಟು ಕಡ್ಡಿ ಕತ್ತರಿಸಿದಳು. ಒಮ್ಮೆಯೂ ಓರೆ ಮರೆತವಳಲ್ಲ.

* * *

ವ್ಯಾನಿನ ಡ್ರೈವರು ಹಿತ್ತಿಲಿಗೇ ಬಂದ. ಇವರ ಕೈಕೆಳಗೆ ಸ್ಟೀರಿಂಗ್ ಹಿಡಿಯಲು ಕಲಿತವನು.

"ಗುರುಗಳೇ, ಹೊರಡೋಣ್ವಾ? ಒಂಚೂರು ತಡ ಆದ್ರೆ ನನ್ನ ಚಳಿ ಬಿಡಿಸ್ತಿದ್ರಿ."

"ಇವತ್ತು ತಡ ಆಗ್ಲಿ ಬಿಡಪ್ಪ."

ಹೆಬ್ಬೆರಳಾಡಿಸಿ ಕಣ್ಣು ಹುಡುಕಿದರು. ಸಿಕ್ಕಿತು. ಬುಡಕ್ಕೆ ಓರೆಯಾಗಿ ಚಾಕು ಹಾಕಿ, ಅವಳ ಡಬ್ಬಿಯಲ್ಲಿದ್ದ ಹಾರ್ಮೋನಿನ ಪುಡಿಗೆ ಅದ್ದಿ, ಹೆಚ್ಚಾದದ್ದು ಉದುರುವಂತೆ ತಟ್ಟಿ ಮಗಳ ಕೈಗಿತ್ತರು. ಪುಡಿ ಹೆಚ್ಚಾದರೆ ಬೇರು ಬರುವುದೇ ಇಲ್ಲ ಎಂದು ಅವಳು ಅದೆಷ್ಟು ಸಲ ಗದರಿದ್ದಳೋ. ಮಗಳು ಸೆರಗು ಸಿಕ್ಕಿಸಿಕೊಂಡು ಮಣ್ಣಲ್ಲಿ ಕೂತು ಒಂದೊಂದಾಗಿ ನೆಡತೊಡಗಿದಳು.

ಕಟ್ಟಿನ ಅಡಿಗೆ ಹೋದಂತೆ ಅವರ ಕೈ ನಿಧಾನವಾಯಿತು. ಮೇಲಿದ್ದವು ಕೊನೆಗೆ ಕತ್ತರಿಸಿದವು. ಎರಡೂ ಕಡೆ ನೇರ. ನಡುವಿನವಕ್ಕೆ ಓರೆ ಇತ್ತು, ಆದರೆ ಚಾಕು ಎರಡು ಮೂರು ಸಲ ಜಾರಿದಂತಿತ್ತು.

"ಅವತ್ತು ಅಮ್ಮ ಚೆನ್ನಾಗೇ ಇದ್ಳಲ್ಲಪ್ಪ?"

"ಅವಳ ಕೈ ಸೋತು ಹೋಗ್ತಿತ್ತು ಕಣಮ್ಮ. ಒಂದು ಮಾತು ಹೇಳ್ಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಮಗಳು ಅವರ ಮೊಣಕಾಲು ಹಿಡಿದುಕೊಂಡಳು. ವ್ಯಾನಿನವನು ಮುಖ ತಿರುಗಿಸಿ ನಿಂತ.

ತೀರ ಅಡಿಯಲ್ಲಿ ಒಂದೇ ಕಡ್ಡಿ ಉಳಿದಿತ್ತು, ಅವಳು ಮೊದಲು ಕತ್ತರಿಸಿದ್ದು. ಬುಡದಲ್ಲಿ ಒಂದೇ ಏಟಿಗೆ ಹಾಕಿದ ನುಣುಪಾದ ಓರೆ.

ಮಗಳು ಚಾಕು ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ. ಕಡ್ಡಿಯನ್ನು ಹಾಗೆಯೇ ಪುಡಿಗೆ ಅದ್ದಿ, ಡಬ್ಬಿಯ ಅಂಚಿಗೆ ಒಮ್ಮೆ ತಟ್ಟಿ, ತಾವೇ ಬಗ್ಗಿ ಮಣ್ಣಿಗಿಳಿಸಿದರು.